ಕೊನೆಯವಳಿಗೆ ಕಾಯುವ ಗುಂಪು: ಸೈಕಲ್ ತುಳಿಯುವ ಹೆಣ್ಣುಮಕ್ಕಳು ಜೊತೆ ಹುಡುಕಿಕೊಳ್ಳುವುದು ಹೇಗೆ

ನಾಲ್ಕು ವರ್ಷದ ಹಿಂದಿನ ಒಂದು ಭಾನುವಾರ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟ ಒಂದು ಸೈಕಲ್ ಗುಂಪಿನ ಜೊತೆ ನಾನೂ ಹೊರಟಿದ್ದೆ. ಅವರ ಜೊತೆ ಅದೇ ಮೊದಲ ದಿನ. ಅರ್ಧ ದಾರಿಯಲ್ಲಿ ಚೈನ್ ಕಳಚಿತು. ಹಾಕಲು ನನಗೆ ಬರುತ್ತಿರಲಿಲ್ಲ. "ಸ್ವಲ್ಪ ನಿಲ್ಲಿ" ಅಂತ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಕೈಯೆಲ್ಲ ಗ್ರೀಸ್ ಆಗಿ ರಸ್ತೆ ಪಕ್ಕ ಕೂತಿದ್ದಾಗ ವಾಟ್ಸಾಪ್‌ಗೆ ಫೋಟೋ ಬಂತು. ಹದಿನಾಲ್ಕು ಜನ, ಮುಂದೆ ಇಡ್ಲಿ ತಟ್ಟೆ. ನಾನು ಅಲ್ಲಿಲ್ಲ ಅನ್ನುವುದು ಆ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಸೈಕಲ್ ತಳ್ಳಿಕೊಂಡು ವಾಪಸ್ ಬಂದೆ. ಎರಡು ತಿಂಗಳು ಅದನ್ನು ಮುಟ್ಟಲಿಲ್ಲ.

ಆಮೇಲೆ ಇನ್ನೊಂದು ಗುಂಪು ಸಿಕ್ಕಿತು. ನಾಲ್ಕೇ ಜನ ಹೆಂಗಸರು. ಚಾಮುಂಡಿ ಬೆಟ್ಟ ಹತ್ತುವಾಗ ಎಲ್ಲರಿಗಿಂತ ಹಿಂದೆ ಉಳಿದೆ. ಒಂದು ತಿರುವಿನಲ್ಲಿ ರಸ್ತೆ ಅಂಚಿನ ಕಟ್ಟೆ ಮೇಲೆ ಒಬ್ಬರು ಕೂತಿದ್ದರು. ಅವರಿಗೂ ಸುಸ್ತಾಗಿರಬೇಕು ಅಂದುಕೊಂಡೆ. ನಾನು ಹತ್ತಿರ ಬಂದು ಇಳಿದ ಮೇಲೆ ಕಡಲೆಮಿಠಾಯಿ ಮುರಿದು ಅರ್ಧ ಕೊಟ್ಟರು. "ಇವತ್ತು ಹಿಂದೆ ಇರೋ ಸರದಿ ನಂದು. ನೀವು ನಿಮ್ಮ ಪಾಡಿಗೆ ಬನ್ನಿ, ಮೇಲೆ ಅವರಿಬ್ಬರೂ ಕಾಯ್ತಿರ್ತಾರೆ" ಅಂದರು. ಹಿಂದೆ ಇರುವುದಕ್ಕೂ ಒಂದು ಸರದಿ ಇರಬಹುದು ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ಈ ಲೇಖನ ಬರೆಯುತ್ತಿರುವುದು ಆ ಎರಡು ದಿನಗಳ ನೆನಪಲ್ಲಿ. ಸೈಕಲ್ ತುಳಿಯಬೇಕು, ಆದರೆ ಒಬ್ಬಳೇ ಹೋಗಲು ಮನಸ್ಸಿಲ್ಲ, ಯಾರ ಜೊತೆ ಹೋಗುವುದೋ ಗೊತ್ತಿಲ್ಲ ಅನ್ನುವ ಹೆಣ್ಣುಮಕ್ಕಳಿಗೆ ಇದು. ನಾನು ಮೈಸೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಹೇಳುವುದೆಲ್ಲ ನಾನು ಮಾಡಿ ನೋಡಿದ್ದು, ಜೊತೆಯವರಿಂದ ಕಲಿತದ್ದು.

ಸೈಕಲ್ ಬರದಿದ್ದರೆ ಅಲ್ಲಿಂದಲೇ ಶುರು ಮಾಡಿ

"ಗುಂಪು ಸೇರಬೇಕು ಅಂತ ಆಸೆ, ಸೈಕಲ್ಲೇ ಬರಲ್ಲವಲ್ಲ" ಅನ್ನುವವರು ತುಂಬ ಜನ. ಮೂವತ್ತು, ನಲವತ್ತು, ಐವತ್ತು ದಾಟಿದವರು. ಚಿಕ್ಕವರಿದ್ದಾಗ ಅಣ್ಣತಮ್ಮಂದಿರು ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆದು ಕಲಿತರು. ಇವರಿಗೆ "ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ಮದುವೆ ಆಗ್ತಾರೆ" ಅನ್ನುವ ಮಾತು ಸಿಕ್ಕಿತು. ಈಗ ಕಲಿಯಲು ನಾಚಿಕೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ದೊಡ್ಡವರು ಮಕ್ಕಳಿಗಿಂತ ಬೇಗ ಕಲಿಯುವುದನ್ನು ನಾನು ನೋಡಿದ್ದೇನೆ, ಯಾಕೆಂದರೆ ಹೇಳಿದ್ದು ಅರ್ಥವಾಗುತ್ತದೆ.

ನಮ್ಮಲ್ಲಿ ಸೈಕಲ್ ಕಲಿಸುವುದು ಅಂದರೆ ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡು ಓಡುವುದು. ಅದನ್ನು ಬಿಡಿ. ಹಿಂದೆ ಹಿಡಿದವರ ಕೈಯ ಮೇಲೆ ಭಾರ ಬೀಳುತ್ತದೆಯೇ ಹೊರತು ಕೂತವರಿಗೆ ಬ್ಯಾಲೆನ್ಸ್ ಗೊತ್ತಾಗುವುದಿಲ್ಲ. ಬೇರೆ ದಾರಿ ಇದೆ. ಸೀಟನ್ನು ಎಷ್ಟು ಆಗುತ್ತೋ ಅಷ್ಟು ಇಳಿಸಿ, ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ಎರಡೂ ಪೆಡಲ್ ಬಿಚ್ಚಿಬಿಡಿ. ಸ್ಪ್ಯಾನರ್ ಹಾಕುವಾಗ ಒಂದು ವಿಷಯ: ಎಡಗಡೆ ಪೆಡಲ್‌ನ ತಿರುಪು ಉಲ್ಟಾ, ಬೇರೆ ಎಲ್ಲ ನಟ್ಟು ಬಿಗಿಯಾಗುವ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಇನ್ನು ಸೈಕಲ್ ಮೇಲೆ ಕೂತು, ಕಾಲಿನಿಂದ ನೆಲ ಒದೆಯುತ್ತ ಸಾಗಿ. ಸ್ವಲ್ಪವೇ ಇಳಿಜಾರು ಇರುವ ಮೈದಾನ ಆದರೆ ಒಳ್ಳೆಯದು. ಕಣ್ಣು ದೂರದ ಮರದ ಮೇಲಿರಲಿ, ಮುಂದಿನ ಚಕ್ರದ ಮೇಲೆ ಬೇಡ. ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ ಒತ್ತಿ ನಿಲ್ಲಿಸುವುದನ್ನು ಇಲ್ಲೇ ಕಲಿಯಿರಿ. ಕಾಲು ಮೇಲೆತ್ತಿ ಐದಾರು ಎಣಿಸುವಷ್ಟು ದೂರ ಸೈಕಲ್ ನೆಟ್ಟಗೆ ಹೋಯಿತು ಅಂದರೆ ಬ್ಯಾಲೆನ್ಸ್ ಬಂತು. ಆಗ ಪೆಡಲ್ ವಾಪಸ್ ಹಾಕಿ.

ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಹೀಗೇ ಕಲಿತರು. ವಯಸ್ಸು ನಲವತ್ತೆಂಟು. ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ, ಎಂಟನೇ ತರಗತಿಯ ಹುಡುಗಿಯೊಬ್ಬಳು ತನ್ನ ಸೈಕಲ್ ಕೊಟ್ಟು ಕಟ್ಟೆ ಮೇಲೆ ಕೂತು ನೋಡುತ್ತಿದ್ದಳು. ನಾಲ್ಕನೇ ಸಂಜೆ ಅಕ್ಕ ಧ್ವಜಕಂಬದ ಹತ್ತಿರ ಹೊರಟವರು ಬೇವಿನ ಮರದ ತನಕ ಕಾಲು ಊರಲಿಲ್ಲ. ಮರದ ಹತ್ತಿರ ನಿಂತು ಹಿಂದೆ ತಿರುಗಿ, ಬಂದ ದಾರಿಯನ್ನು ನೋಡಿದರು. ಮಣ್ಣಿನಲ್ಲಿ ಚಕ್ರದ ಗೆರೆ ಒಂದೇ ಇತ್ತು, ಅಕ್ಕಪಕ್ಕ ಪಾದದ ಗುರುತಿಲ್ಲ. "ಟೀಚರ್, ನೋಡಿ ಇಲ್ಲಿ, ಕಾಲು ತಾಗೇ ಇಲ್ಲ" ಅಂತ ಆ ಗೆರೆಯನ್ನು ಬೆರಳಿಟ್ಟು ತೋರಿಸಿದರು. ಈಗ ಅವರು ಮನೆಯಿಂದ ಶಾಲೆಗೆ ಸೈಕಲ್ಲಲ್ಲೇ ಬರುತ್ತಾರೆ.

ಇದು ಒಬ್ಬರಿಬ್ಬರ ಕಥೆ ಅಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹೆಂಗಸರಿಗೆ ಸೈಕಲ್ ಕಲಿಸುವ ಕೆಲಸ ನಡೆಯಿತು. ಆಗ ಶೀಲಾ ರಾಣಿ ಚುಂಕತ್ ಅಲ್ಲಿನ ಕಲೆಕ್ಟರ್. ಕೂಲಿ ಮಾಡುವವರು, ಕಲ್ಲು ಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು, ಎಲ್ಲ ಸೇರಿ ಒಂದು ಲಕ್ಷಕ್ಕೂ ಜಾಸ್ತಿ ಹೆಂಗಸರು ಕಲಿತರು. ಲೇಡೀಸ್ ಸೈಕಲ್ ಸಾಲದೆ ಗಂಡಸರ ಸೈಕಲ್ಲಲ್ಲೇ ಕಲಿತರು. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಬೇರೆ: ಕಲಿತವರೇ ಮುಂದಿನವರಿಗೆ ಕಲಿಸಿದರು. ನಿಮಗೆ ಯಾರಾದರೂ ಕಲಿಸಿದರೆ, ಅವರೇ ನಿಮ್ಮ ಗುಂಪಿನ ಮೊದಲ ಸದಸ್ಯೆ ಅಂದುಕೊಳ್ಳಿ.

ಸೈಕಲ್ ನಿಮ್ಮ ಮೈಗೆ ಹೊಂದಬೇಕು

ಇದನ್ನು ಗುಂಪಿನ ಮಾತಿಗಿಂತ ಮೊದಲು ಹೇಳಲು ಕಾರಣ ಇದೆ. ಎಷ್ಟೋ ಹೆಂಗಸರು ಎರಡು ಮೂರು ವಾರ ಬಂದು ನಿಲ್ಲಿಸುತ್ತಾರೆ. ಕೇಳಿದರೆ "ಟೈಮ್ ಆಗಲ್ಲ" ಅನ್ನುತ್ತಾರೆ. ಸ್ವಲ್ಪ ಸಲಿಗೆ ಬೆಳೆದ ಮೇಲೆ ನಿಜ ಹೊರಗೆ ಬರುತ್ತದೆ. ಕೂರುವ ಜಾಗದಲ್ಲಿ ನೋವು, ಉರಿ, ಗಾಯ. ಗಂಡಸರೇ ಜಾಸ್ತಿ ಇರುವ ಗುಂಪಿನಲ್ಲಿ ಇದನ್ನು ಯಾರ ಹತ್ತಿರ ಹೇಳುವುದು? ಹೇಳದೆ ಬಿಟ್ಟುಹೋಗುತ್ತಾರೆ.

ಒಲಿಂಪಿಕ್ಸ್‌ನಲ್ಲಿ ಗಂಡಸರ ಸೈಕಲ್ ರೇಸ್ 1896ರಲ್ಲೇ ಇತ್ತು. ಹೆಂಗಸರಿಗೆ 1984ರ ತನಕ ಕಾಯಬೇಕಾಯಿತು. ಸೈಕಲ್ ಅಳತೆ, ಸೀಟಿನ ಆಕಾರ, ಬ್ರೇಕ್ ಹಿಡಿಯ ದೂರ ಎಲ್ಲವೂ ಅಷ್ಟು ವರ್ಷ ಗಂಡಸಿನ ಮೈಯನ್ನೇ ನೋಡಿಕೊಂಡು ಬೆಳೆದವು. ನೋವು ಬಂದರೆ ನಿಮ್ಮ ಮೈಯಲ್ಲಿ ದೋಷ ಹುಡುಕಬೇಡಿ, ಸೀಟನ್ನು ನೋಡಿ.

ಸೀಟಿನ ಅಗಲ ಮನೆಯಲ್ಲೇ ಗೊತ್ತು ಮಾಡಿಕೊಳ್ಳಬಹುದು. ಒಂದು ರಟ್ಟಿನ ಡಬ್ಬಿಯ ತುಂಡನ್ನು ಮೆಟ್ಟಿಲ ಮೇಲಿಟ್ಟು ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂತು ಸ್ವಲ್ಪ ಮುಂದಕ್ಕೆ ಬಾಗಿ. ಎದ್ದು ನೋಡಿದರೆ ಕೂರುವ ಮೂಳೆಯ ಎರಡು ಗುಳಿ ಕಾಣಿಸುತ್ತದೆ. ಒಂದು ಗುಳಿಯ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದು, ಅದಕ್ಕೆ ಸುಮಾರು 2 ಸೆಂಟಿಮೀಟರ್ ಸೇರಿಸಿ. ಅಷ್ಟು ಅಗಲದ ಸೀಟು ಕೇಳಿ. ಹೆಂಗಸರಿಗೆ ಸಾಮಾನ್ಯವಾಗಿ ಗಂಡಸರಿಗಿಂತ ಅಗಲದ ಸೀಟು ಬೇಕಾಗುತ್ತದೆ. ನಡುವೆ ಸೀಳು ಇರುವ ಸೀಟು ತುಂಬ ಜನರಿಗೆ ಆರಾಮ. ಮೆತ್ತಗಿನ ಜೆಲ್ ಕವರ್ ಅಂಗಡಿಯಲ್ಲಿ ಒತ್ತಿ ನೋಡಿದಾಗ ಚೆನ್ನಾಗಿರುತ್ತದೆ, ಹತ್ತು ಕಿಲೋಮೀಟರ್ ಆದ ಮೇಲೆ ಅದೇ ಒಳಗೆ ಹೂತು ಇನ್ನಷ್ಟು ಒತ್ತುತ್ತದೆ.

ಸೀಟಿನ ಎತ್ತರಕ್ಕೆ ಒಂದು ಸುಲಭ ಲೆಕ್ಕ: ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಲ್ಲಿ ತುಳಿದರೆ ಮೊಣಕಾಲು ಕೊಂಚ ಮಡಿಚಿರುತ್ತದೆ. ಅದೇ ಸರಿ. ಸೀಟು ತೀರಾ ತಗ್ಗಿದ್ದರೆ ಮೊಣಕಾಲು ನೋವು ಶುರುವಾಗುತ್ತದೆ. ಹ್ಯಾಂಡಲ್ ತುಂಬ ದೂರ ಅನಿಸಿದರೆ ಗಿಡ್ಡ ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ಹಾಕಿಸಬಹುದು. ಬೆರಳು ಬ್ರೇಕ್‌ಗೆ ಎಟುಕುವುದಿಲ್ಲವಾದರೆ, ತುಂಬ ಸೈಕಲ್‌ಗಳ ಬ್ರೇಕ್ ಹಿಡಿಯಲ್ಲಿ ಅದನ್ನು ಹತ್ತಿರ ತರುವ ಪುಟ್ಟ ಸ್ಕ್ರೂ ಇರುತ್ತದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿದರೆ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಹಾಕಿದರೆ ಒಳಗೆ ಬೇರೆ ಒಳಉಡುಪು ಹಾಕಬಾರದು. ಹೊಲಿಗೆಯ ಅಂಚು ಉಜ್ಜಿ ಗಾಯ ಮಾಡುವುದೇ ಅದರಿಂದ. ಇದನ್ನು ನನಗೆ ಯಾರೂ ಆರು ತಿಂಗಳು ಹೇಳಲಿಲ್ಲ. ಚಡ್ಡಿ ಕಾಣುವುದು ಮುಜುಗರ ಅನಿಸಿದರೆ ಮೇಲೆ ಸಡಿಲ ಟ್ರ್ಯಾಕ್ ಪ್ಯಾಂಟ್ ಹಾಕಿ, ಏನೂ ತೊಂದರೆ ಇಲ್ಲ. ಬಲಗಾಲಿನ ಪ್ಯಾಂಟ್ ತುದಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಚೈನ್‌ಗೆ ಸಿಗುವುದಿಲ್ಲ. ದುಪಟ್ಟಾ ಬೇಡವೇ ಬೇಡ. ಅದು ಚಕ್ರಕ್ಕೆ ಸುತ್ತಿಕೊಂಡರೆ ಕತ್ತಿಗೆ ಅಪಾಯ.

ಮುಟ್ಟಿನ ದಿನ ಸೈಕಲ್ ತುಳಿಯಬಹುದಾ ಅಂತ ಹೊಸಬರು ಮೆಲ್ಲಗೆ ಕೇಳುತ್ತಾರೆ. ತುಳಿಯಬಹುದು. ಮೈ ಬೇಡ ಅಂದರೆ ಬಿಡಬಹುದು. ನಮ್ಮಲ್ಲಿ ಕೆಲವರು ಕಪ್ ಬಳಸುತ್ತಾರೆ, ಪ್ಯಾಡ್ ಉಜ್ಜುವ ತಾಪತ್ರಯ ಅದರಲ್ಲಿ ಇಲ್ಲ. "ಇವತ್ತು ಎರಡನೇ ದಿನ, ಹತ್ತೇ ಕಿಲೋಮೀಟರ್ ಬರ್ತೀನಿ" ಅಂತ ಗುಂಪಿನಲ್ಲಿ ಸುಮ್ನೆ ಹೇಳಿಬಿಡುವಷ್ಟು ಸಲಿಗೆ ಇದ್ದರೆ, ಆ ಗುಂಪು ನಿಮ್ಮದೇ.

ಎರಡು ರಿಪೇರಿ ಕಲಿಯಿರಿ

ಚೈನ್ ಹಾಕುವುದು, ಟ್ಯೂಬ್ ಬದಲಿಸುವುದು. ಇಷ್ಟು ಸಾಕು. ಗೇರ್ ಸೈಕಲ್ ಆದರೆ ಹಿಂದಿನ ಚಕ್ರದ ಹತ್ತಿರ ನೇತಾಡುವ ಗೇರ್ ಕೈಯನ್ನು ಮುಂದಕ್ಕೆ ತಳ್ಳಿ, ಚೈನ್ ಸಡಿಲವಾಗುತ್ತದೆ. ಮುಂದಿನ ಹಲ್ಲುಚಕ್ರದ ಮೇಲ್ಭಾಗಕ್ಕೆ ನಾಲ್ಕೈದು ಕೊಂಡಿ ಕೂರಿಸಿ, ಪೆಡಲ್ಲನ್ನು ಕೈಯಲ್ಲೇ ನಿಧಾನ ಮುಂದಕ್ಕೆ ತಿರುಗಿಸಿ. ಅಷ್ಟೇ. ಅವತ್ತು ಶ್ರೀರಂಗಪಟ್ಟಣದ ದಾರಿಯಲ್ಲಿ ಇದು ಗೊತ್ತಿದ್ದಿದ್ದರೆ ಒಂದು ನಿಮಿಷದ ಕೆಲಸ.

ಪಂಕ್ಚರ್ ಆದಾಗ ಹೊಸ ಟ್ಯೂಬ್ ಹಾಕುವ ಮೊದಲು ಟೈರ್ ಒಳಗೆ ಒಂದು ಬಟ್ಟೆ ಚೂರನ್ನು ಸುತ್ತಲೂ ಎಳೆಯಿರಿ. ಎಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತೋ ಅಲ್ಲಿ ಜಾಲಿ ಮುಳ್ಳು ಇದೆ. ಅದನ್ನು ತೆಗೆಯದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ. ಒಂದು ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಪುಟ್ಟ ಪಂಪ್, ಸ್ಪ್ಯಾನರ್ ಅಥವಾ ಅಲೆನ್ ಕೀ ಸೀಟಿನ ಕೆಳಗಿನ ಚೀಲದಲ್ಲಿ ಸದಾ ಇರಲಿ. ಗಂಡಸರು ಜೊತೆಗಿದ್ದರೆ "ಕೊಡಿ ನಾನು ಮಾಡ್ತೀನಿ" ಅಂತ ಕಿತ್ತುಕೊಳ್ಳುತ್ತಾರೆ, ಅದು ಅವರ ಒಳ್ಳೆಯ ಮನಸ್ಸು. "ನೀವು ಹೇಳಿ, ನಾನೇ ಮಾಡ್ತೀನಿ" ಅನ್ನಿ.

ಜೊತೆ ಎಲ್ಲಿ ಸಿಗುತ್ತದೆ

ಸೈಕಲ್ ಅಂಗಡಿಯಲ್ಲಿ ಮೊದಲು ಕೇಳಿ. ಬೆಳಿಗ್ಗೆ ಯಾರು ಯಾವ ಕಡೆ ಹೋಗುತ್ತಾರೆ, ಯಾವ ಗುಂಪಿನಲ್ಲಿ ಹೆಂಗಸರು ಇದ್ದಾರೆ ಅನ್ನುವುದು ಅಂಗಡಿಯ ಮೆಕ್ಯಾನಿಕ್‌ಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಇದ್ದರೆ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಹೋಗಿ ನೋಡಿ, ಅವತ್ತು ಒಳಗಿನ ರಸ್ತೆಗೆ ಮೋಟಾರು ವಾಹನ ಬಿಡುವುದಿಲ್ಲ. ಹೊಸದಾಗಿ ಕಲಿತವರಿಗೆ ಅದಕ್ಕಿಂತ ಒಳ್ಳೆಯ ಜಾಗ ನಗರದೊಳಗೆ ಕಡಿಮೆ. ನಂದಿ ಬೆಟ್ಟದ ಬುಡದಲ್ಲಿ ಬೆಳಗಿನ ಜಾವ ಸೈಕಲ್ ಇಳಿಸುವವರ ಗುಂಪುಗಳೇ ಇರುತ್ತವೆ, ಆದರೆ ಮೊದಲ ಪರಿಚಯಕ್ಕೆ ಅದು ಬೇಡ. 1,478 ಮೀಟರ್ ಎತ್ತರದ ಬೆಟ್ಟ ಹತ್ತುವಾಗ ಮಾತಾಡಲು ಉಸಿರು ಉಳಿಯುವುದಿಲ್ಲ.

ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ ಅದರ ಸೈಕಲ್ ಹಿಡಿದು ಮತ್ತೆ ತುಳಿಯಲು ಶುರು ಮಾಡಿದ ಹೆಂಗಸರು ನನಗೆ ಇಬ್ಬರು ಗೊತ್ತು. ಸೈಕಲ್ ಕೊಳ್ಳುವ ಮೊದಲು ಬಾಡಿಗೆಗೆ ತುಳಿದು ನೋಡುವುದು ಜಾಣತನ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರಾದರೆ ನಿಮಗೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಸೈಕಲ್ ರೇಸ್ ಊರ ಮಾತು. ವಿಜಯಪುರದ ಕ್ರೀಡಾ ಹಾಸ್ಟೆಲ್ಲಿನಲ್ಲಿ, ಚಂದರಗಿ ಕ್ರೀಡಾ ಶಾಲೆಯಲ್ಲಿ ಹಳ್ಳಿಯ ಹುಡುಗಿಯರು ತರಬೇತಿ ಪಡೆದು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ನಿಮ್ಮ ಮಗಳಿಗೆ ರೇಸ್‌ನಲ್ಲಿ ಆಸೆ ಇದ್ದರೆ ಜಿಲ್ಲಾ ಕ್ರೀಡಾ ಇಲಾಖೆಯಲ್ಲಿ ವಿಚಾರಿಸಿ.

ದೂರ ತುಳಿಯುವ ಹುಚ್ಚು ಹತ್ತಿದ ಮೇಲೆ ಬ್ರೆವೆ ಅಂತ ಒಂದಿದೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವುದು. ಗಂಟೆಗೆ 15 ಕಿಲೋಮೀಟರ್ ಸರಾಸರಿ ಬಂದರೆ ಆಯಿತು. ನಡುವೆ ಊಟ ತಿಂಡಿ ಎಲ್ಲ ಸೇರಿ. ಇದರಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಅಂತ ಸ್ಥಾನ ಕೊಡುವುದಿಲ್ಲ. ಸಮಯದೊಳಗೆ ಬಂದ ಎಲ್ಲರೂ ಒಂದೇ. ಹೆಂಗಸರಿಗೆ ಇದು ಹಿಡಿಸುವುದು ಅದಕ್ಕೇ ಅಂತ ನನ್ನ ಅನಿಸಿಕೆ.

ಸೇರುವ ಮೊದಲು ಇಷ್ಟು ಕೇಳಿ

ಗುಂಪಿನ ಅಡ್ಮಿನ್‌ಗೆ ಫೋನ್ ಮಾಡಿ. ಮೆಸೇಜ್ ಬೇಡ, ಮಾತಾಡಿ. ಮೊದಲ ಪ್ರಶ್ನೆ: "ಕೊನೆಯಲ್ಲಿ ಯಾರು ಬರ್ತಾರೆ?" ಇದಕ್ಕೆ ಒಂದು ಹೆಸರು ಉತ್ತರವಾಗಿ ಬಂದರೆ ಒಳ್ಳೆಯದು. "ಎಲ್ಲರೂ ಅವರವರ ಸ್ಪೀಡಲ್ಲಿ ಬರ್ತಾರೆ ಮೇಡಂ" ಅಂದರೆ, ಚೈನ್ ಕಳಚಿದಾಗ ನೀವು ಒಬ್ಬರೇ ಅಂತ ಅರ್ಥ.

ಎರಡನೆಯದು ಶೌಚಾಲಯ. "ನಡುವೆ ಎಲ್ಲಿ ನಿಲ್ಲಿಸ್ತೀರಿ, ಅಲ್ಲಿ ಟಾಯ್ಲೆಟ್ ಇದೆಯಾ?" ನಾಚಿಕೆ ಪಡದೆ ಕೇಳಿ. ಗಂಡಸರು ಎಲ್ಲಿ ಬೇಕಾದರೂ ಸೈಕಲ್ ಒರಗಿಸಿ ಮರದ ಹಿಂದೆ ಹೋಗುತ್ತಾರೆ. ನಾವು ಅದಕ್ಕೆ ಹೆದರಿ ನೀರೇ ಕುಡಿಯುವುದಿಲ್ಲ. ಆಮೇಲೆ ತಲೆನೋವು, ಕಾಲು ಹಿಡಿದುಕೊಳ್ಳುವುದು, ಮೂತ್ರದ ಸೋಂಕು. ಬಿಸಿಲಲ್ಲಿ ಗಂಟೆಗೆ ಅರ್ಧ ಲೀಟರ್ ನೀರಾದರೂ ಬೇಕು. ಪೆಟ್ರೋಲ್ ಬಂಕ್, ದೊಡ್ಡ ಹೋಟೆಲ್ ಇರುವ ಕಡೆ ನಿಲ್ಲಿಸುವ ಗುಂಪು ಹೆಂಗಸರನ್ನು ಲೆಕ್ಕಕ್ಕೆ ಇಟ್ಟುಕೊಂಡಿದೆ. ಯಾವ ಪೋಸ್ಟರಿಗಿಂತ ಇದು ನಂಬುವ ಗುರುತು.

ಎಷ್ಟು ದೂರ, ಎಷ್ಟು ವೇಗ, ಎಷ್ಟು ಹೊತ್ತಿಗೆ ವಾಪಸ್, ಎಷ್ಟು ಜನ ಹೆಂಗಸರು ಅನ್ನುವುದನ್ನೂ ಕೇಳಿ. ಹೊಸಬರಿಗೆ ಗಂಟೆಗೆ 15ರಿಂದ 18 ಕಿಲೋಮೀಟರ್, ಒಟ್ಟು 20 ಕಿಲೋಮೀಟರ್ ಧಾರಾಳ ಸಾಕು. "ಈಸಿ ರೈಡ್" ಅಂದರೆ ಸುಮ್ಮನಾಗಬೇಡಿ, ಅಂಕಿ ಕೇಳಿ. ಕೆಲವರ ಈಸಿ ಅಂದರೆ ಗಂಟೆಗೆ 28.

ಮೊದಲ ದಿನ

ಹತ್ತು ನಿಮಿಷ ಮೊದಲೇ ಹೋಗಿ. ಹೆಲ್ಮೆಟ್, ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು. ಟೈರಿಗೆ ಹಿಂದಿನ ರಾತ್ರಿಯೇ ಗಾಳಿ ಹಾಕಿರಿ. "ನಾನು ಹೊಸಬಳು, ನಿಧಾನ ಬರ್ತೀನಿ" ಅಂತ ಒಂದು ಸಲ ಹೇಳಿ. ಒಂದೇ ಸಲ. ದಾರಿಯುದ್ದಕ್ಕೂ "ಸಾರಿ, ನನ್ನಿಂದ ಲೇಟ್ ಆಯ್ತು" ಅನ್ನುತ್ತಿರುವುದು ನಮ್ಮ ಹೆಂಗಸರ ಅಭ್ಯಾಸ. ಅದನ್ನು ಅಂದು ಮನೆಯಲ್ಲೇ ಬಿಟ್ಟು ಹೊರಡಿ.

ಗುಂಪಿನಲ್ಲಿ ಹೋಗುವಾಗ ಮುಂದಿನವರಿಂದ ಒಂದು ಸೈಕಲ್‌ನಷ್ಟು ಅಂತರ ಬಿಡಿ. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಬಾರದು, ತಾಗಿದರೆ ಬೀಳುವವರು ನೀವೇ. ಗುಂಡಿ ಕಂಡರೆ ಆ ಕಡೆ ಕೈ ಇಳಿಸಿ ತೋರಿಸುತ್ತಾರೆ, ನಿಲ್ಲಿಸುವ ಮೊದಲು ಕೈ ಹಿಂದೆ ಅಗಲಿಸುತ್ತಾರೆ. ನೀವೂ ಹಿಂದಿನವರಿಗೆ ಅದನ್ನೇ ತೋರಿಸಿ. ಒಂದು ಕೈ ಬಿಡಲು ಧೈರ್ಯ ಬರದಿದ್ದರೆ ಬಾಯಲ್ಲಿ "ಗುಂಡಿ!" ಅಂತ ಕೂಗಿದರೂ ಸಾಕು.

ಮುಗಿದ ಮೇಲೆ ಕಾಫಿಗೆ ನಿಲ್ಲಿ. ಮನೆ ಕೆಲಸ ನೆನಪಾಗಿ ಓಡಬೇಕು ಅನಿಸುತ್ತದೆ, ಗೊತ್ತು. ಆದರೂ ಮೊದಲ ನಾಲ್ಕು ವಾರ ಹದಿನೈದು ನಿಮಿಷ ಕೂತು ಹೋಗಿ. ಯಾರ ಮಗಳಿಗೆ ಪರೀಕ್ಷೆ, ಯಾರ ಅತ್ತೆಗೆ ಶುಗರ್, ಯಾರು ಕೆಲಸ ಬಿಟ್ಟರು ಅನ್ನುವುದು ಗೊತ್ತಾಗುವುದು ಅಲ್ಲೇ. ಒಂದು ಗುಂಪಿಗೆ ಮೂರು ನಾಲ್ಕು ಸಲ ಹೋದ ಮೇಲೂ ಯಾರೂ ನಿಮ್ಮ ಹೆಸರು ಕೇಳದಿದ್ದರೆ ಸುಮ್ನೆ ಬೇರೆ ಗುಂಪು ನೋಡಿ.

ಮನೆಯವರ ಮಾತು

ಬೆಳಿಗ್ಗೆ ಐದೂವರೆಗೆ ಹೆಂಗಸು ಮನೆ ಬಿಟ್ಟರೆ ಕಾಫಿ ಯಾರು ಮಾಡುತ್ತಾರೆ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ನಾನು ಕಂಡಂತೆ ಹೆಚ್ಚು ಜನ ಗುಂಪು ಬಿಡುವುದು ಇಲ್ಲೇ. ಪ್ರತಿ ವಾರ ಹೊಸದಾಗಿ ಅನುಮತಿ ಕೇಳಬೇಡಿ. ಒಂದು ದಿನ ಗೊತ್ತು ಮಾಡಿ, "ಭಾನುವಾರ ಬೆಳಿಗ್ಗೆ ಎಂಟರ ತನಕ ನಾನು ಇರಲ್ಲ" ಅಂತ ಒಂದೇ ಸಲ ಹೇಳಿ. ಮಗುವಿಗೆ ಸ್ನಾನ ಯಾರು ಮಾಡಿಸುವುದು, ಹಾಲು ಯಾರು ತೆಗೆದುಕೊಳ್ಳುವುದು ಅಂತ ಶನಿವಾರವೇ ತೀರ್ಮಾನವಾಗಲಿ. ನಮ್ಮ ಗುಂಪಿನ ಒಬ್ಬರ ಅತ್ತೆ ಮೊದಲು ಮುಖ ತಿರುಗಿಸುತ್ತಿದ್ದರು. ಒಂದು ಭಾನುವಾರ ನಾವು ಐದು ಜನ ವಾಪಸ್ ಬರುವಾಗ ಅವರ ಮನೆಗೇ ತಿಂಡಿಗೆ ಹೋದೆವು. ಮುಂದಿನ ವಾರ ಸೊಸೆ ಎದ್ದಿರಲಿಲ್ಲ, ಅತ್ತೆಯೇ ಎಬ್ಬಿಸಿದರಂತೆ: "ಅವರು ಕಾಯ್ತಾ ಇರ್ತಾರೆ, ಏಳಮ್ಮ."

ಇದನ್ನು ಹೇಳುವಾಗ ನನ್ನ ವಿದ್ಯಾರ್ಥಿನಿಯರು ನೆನಪಾಗುತ್ತಾರೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ಬೆಳಿಗ್ಗೆ ನಾಲ್ಕೈದು ಹುಡುಗಿಯರು ಸಾಲಾಗಿ, ಮಾತಾಡಿಕೊಂಡು, ಎರಡು ಜಡೆ ಹಾರಿಸಿಕೊಂಡು ಬರುವುದನ್ನು ಶಾಲೆಯ ಗೇಟಿನಲ್ಲಿ ನಿಂತು ನೋಡಿದ್ದೇನೆ. ಆಗ ಅವರಿಗೆ ಗುಂಪು ಇತ್ತು. ಎಸ್ಸೆಸ್ಸೆಲ್ಸಿ ಮುಗಿಯಿತು, ಸೈಕಲ್ ತಮ್ಮನಿಗೆ ಹೋಯಿತು, ಇಲ್ಲ ಅಪ್ಪ ಹಾಲಿನ ಕ್ಯಾನ್ ನೇತುಹಾಕಿದರು. ನಿಮ್ಮ ಮನೆಯಲ್ಲಿ ಅಂಥ ಹುಡುಗಿ ಇದ್ದರೆ ಆ ಸೈಕಲ್ ಅವಳ ಹತ್ತಿರವೇ ಉಳಿಯುವಂತೆ ನೋಡಿಕೊಳ್ಳಿ.

ರಸ್ತೆಯ ಕಾಟ

ಬೈಕಿನವರು ಪಕ್ಕಕ್ಕೆ ಬಂದು ಏನಾದರೂ ಅನ್ನುವುದು, ಹಿಂದೆಯೇ ಬರುವುದು ಆಗುತ್ತದೆ. ಆಗುವುದಿಲ್ಲ ಅಂತ ಹೇಳಿ ನಿಮ್ಮನ್ನು ಕಳಿಸಲಾರೆ. ಬೆಳಕು ಹರಿಯುವ ಮೊದಲು ಒಬ್ಬರೇ ಹೊಸ ರಸ್ತೆಗೆ ಹೋಗಬೇಡಿ. ಮೊಬೈಲಿನ ಲೈವ್ ಲೊಕೇಶನ್ ಮನೆಯವರಿಗೂ ಗುಂಪಿನ ಒಬ್ಬರಿಗೂ ಹಾಕಿ. ಯಾರಾದರೂ ಹಿಂಬಾಲಿಸಿದರೆ ಮನೆ ಕಡೆ ತಿರುಗಬೇಡಿ. ಜನ ಇರುವ ಟೀ ಅಂಗಡಿ, ಬಂಕ್, ಹಾಲಿನ ಬೂತ್ ಹತ್ತಿರ ನಿಲ್ಲಿಸಿ, ಬೈಕಿನ ನಂಬರ್ ಜೋರಾಗಿ ಓದಿ, 112ಕ್ಕೆ ಫೋನ್ ಮಾಡಿ. ಒಂದೇ ದಾರಿಯಲ್ಲಿ ವಾರವಾರ ಹೋಗುವುದರಿಂದ ಒಂದು ಲಾಭ ಇದೆ: ಹೂ ಮಾರುವವರು, ಪೇಪರ್ ಹಾಕುವವರು, ಟೀ ಅಂಗಡಿಯವರು ಗುರುತು ಹಿಡಿಯುತ್ತಾರೆ. ಲಲಿತಮಹಲ್ ರಸ್ತೆಯಲ್ಲಿ ಒಬ್ಬರು ಎಳನೀರಿನ ಅಜ್ಜ, ನಾವು ಒಂದು ವಾರ ಹೋಗದಿದ್ದರೆ ಮುಂದಿನ ವಾರ ಕೇಳುತ್ತಾರೆ.

ಕಾಟ ಗುಂಪಿನ ಒಳಗಿನಿಂದಲೂ ಬರಬಹುದು. ಬೇಡದ ಮೆಸೇಜು, ಸೀಟು ಸರಿಮಾಡುವ ನೆಪದಲ್ಲಿ ಮೈ ಮುಟ್ಟುವುದು. ಅಡ್ಮಿನ್‌ಗೆ ಹೇಳಿ. ಅಡ್ಮಿನ್ "ಅವನು ಹಾಗಲ್ಲ ಮೇಡಂ" ಅಂತ ಮುಚ್ಚಿಹಾಕಿದರೆ ಅಲ್ಲಿ ಒಂದು ದಿನವೂ ಇರಬೇಡಿ. ಗುಂಪಿನ ಬೇರೆ ಹೆಂಗಸರಿಗೆ ತಿಳಿಸಿಯೇ ಹೊರಗೆ ಬನ್ನಿ.

ಗುಂಪು ಸಿಗದಿದ್ದರೆ ನೀವೇ ಕಟ್ಟಿ

ಸಣ್ಣ ಊರುಗಳಲ್ಲಿ ಇದೇ ದಾರಿ. ಇಬ್ಬರು ಸಾಕು. ಪಕ್ಕದ ಮನೆಯವರು, ಸ್ತ್ರೀಶಕ್ತಿ ಸಂಘದವರು, ಮಗಳ ಶಾಲೆಯ ಇನ್ನೊಬ್ಬಳ ತಾಯಿ. ದಿನ, ಹೊತ್ತು, ಜಾಗ ಮೂರನ್ನೂ ಗೊತ್ತು ಮಾಡಿ, ಬದಲಿಸಬೇಡಿ. "ಯಾವಾಗ ಫ್ರೀ ಇರ್ತೀರಿ" ಅಂತ ಗುಂಪಿನಲ್ಲಿ ಕೇಳಿದರೆ ಎಂಟು ಜನ ಎಂಟು ದಿನ ಹೇಳುತ್ತಾರೆ, ಯಾರೂ ಬರುವುದಿಲ್ಲ. "ಭಾನುವಾರ ಆರು ಗಂಟೆ, ಹಾಲಿನ ಬೂತ್ ಮುಂದೆ, ಆರೂ ಹತ್ತಕ್ಕೆ ಹೊರಡ್ತೀವಿ" ಅನ್ನಿ. ಮಳೆ ಬಂದರೂ ಹೋಗಿ ನಿಲ್ಲಿ, ಸೈಕಲ್ ಆಗದಿದ್ದರೆ ಟೀ ಕುಡಿದು ಬನ್ನಿ. ನೀವು ಅಲ್ಲಿ ಇದ್ದೇ ಇರುತ್ತೀರಿ ಅಂತ ಗೊತ್ತಾದರೆ ಮೂರನೆಯವಳು ಬರುತ್ತಾಳೆ. ಈಗಿನ ನಮ್ಮ ಗುಂಪು ಶುರುವಾದಾಗ ಏಳು ವಾರ ಇಬ್ಬರೇ ಹೋಗಿದ್ದೆವು. ಈಗ ಹತ್ತೊಂಬತ್ತು ಜನ.

ಮೊದಲ ದಿನ ಚಿಕ್ಕ ದಾರಿ ಇಡಿ. ಹತ್ತು ಕಿಲೋಮೀಟರ್, ಸಮತಟ್ಟು, ಬಲಕ್ಕೆ ತಿರುಗುವ ದೊಡ್ಡ ಸರ್ಕಲ್ ಇಲ್ಲದ ದಾರಿ. ಗೇರ್ ಸೈಕಲ್ಲೇ ಬೇಕು ಅನ್ನಬೇಡಿ. ನಮ್ಮಲ್ಲಿ ಬುಟ್ಟಿ ಇರುವ ಲೇಡೀಸ್ ಸೈಕಲ್ ಇದೆ, ಸರ್ಕಾರದ ಸೈಕಲ್ ಇದೆ, ಕಾರ್ಬನ್ ಸೈಕಲ್ಲೂ ಒಂದಿದೆ. ಬಿಸಿಯೂಟದ ಅಕ್ಕ ತರುವ ಹಳೇ ಸೈಕಲ್ಲಿನ ಬುಟ್ಟಿಯಲ್ಲೇ ಎಲ್ಲರ ಪಂಪು, ಬಾಳೆಹಣ್ಣು, ರೇನ್‌ಕೋಟು ಹೋಗುತ್ತದೆ.

ಹಿಂದೆ ಇರುವ ಸರದಿಯ ಪಟ್ಟಿ ಮಾಡಿ. ಪ್ರತಿ ವಾರ ಒಬ್ಬರ ಹೆಸರು. ಆ ದಿನ ಅವರು ಕೊನೆಯವಳಿಗಿಂತ ಹಿಂದೆ, ಅವಳು ಎಷ್ಟೇ ನಿಧಾನ ಹೋಗಲಿ. ಅವರ ಹತ್ತಿರ ಪಂಪ್, ಟ್ಯೂಬ್, ಎಲ್ಲರ ಮನೆಯ ನಂಬರ್, ತಿನ್ನಲು ಏನಾದರೂ ಇರಬೇಕು. ಪ್ರತಿ ತಿರುವಿನಲ್ಲಿ ಮುಂದಿನವರು ನಿಂತು ತಲೆ ಎಣಿಸಬೇಕು. ವೇಗವಾಗಿ ಹೋಗುವವರಿಗೂ ಈ ಸರದಿ ತಪ್ಪಬಾರದು. ಅವರಿಗೇ ಮೊದಲು ಹಾಕಿ, ನಿಧಾನ ಹೋಗುವವಳ ಕಣ್ಣಿಗೆ ರಸ್ತೆ ಹೇಗೆ ಕಾಣುತ್ತದೆ ಅಂತ ಅವರಿಗೂ ಗೊತ್ತಾಗಲಿ.

ಹೊಸದಾಗಿ ಬಂದವರಿಗೆ ನಾಲ್ಕನೇ ವಾರಕ್ಕೆ ಈ ಸರದಿ ಕೊಡಿ. "ನನಗೆ ಇನ್ನೂ ಸರಿಯಾಗಿ ಬರಲ್ಲ" ಅನ್ನುತ್ತಾರೆ. ಪರವಾಗಿಲ್ಲ, ಜೊತೆಗೆ ಹಳಬರೊಬ್ಬರು ಇರಲಿ. ಎಲ್ಲರೂ ಮನೆ ಸೇರಿದ ಮೇಲೆ ಗುಂಪಿಗೆ "ತಲುಪಿದೆ" ಅಂತ ಮೆಸೇಜ್ ಹಾಕುವುದು ನಮ್ಮಲ್ಲಿ ಕಡ್ಡಾಯ. ಅವತ್ತಿನ ಸರದಿಯವರು ಅದನ್ನು ಎಣಿಸುತ್ತಾರೆ. ಹತ್ತೊಂಬತ್ತು ಜನ ಹೊರಟು ಹದಿನೆಂಟು "ತಲುಪಿದೆ" ಬಂದಿದ್ದರೆ, ಇನ್ನೊಬ್ಬರಿಗೆ ಫೋನ್ ಹೋಗುತ್ತದೆ.